ಓಟಕ್ಕೆ ಸ್ಮಾರ್ಟ್‌ವಾಚ್ ಸಾಕಾ, ಜಿಪಿಎಸ್ ವಾಚೇ ಬೇಕಾ?

ಮುಂಜಾವಿನ_ಓಟ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಓಟಕ್ಕೆ ವಾಚ್ ಕೊಳ್ಳುವುದಿದೆ. ವಾರಕ್ಕೆ ನಾಲ್ಕು ಓಟ: ಎರಡು ಈಸಿ ರನ್, ಒಂದು ಇಂಟರ್ವಲ್, ಭಾನುವಾರ ಲಾಂಗ್ ರನ್. ಸದ್ಯಕ್ಕೆ ಹಾಫ್ ಮ್ಯಾರಥಾನ್ ಮಟ್ಟ, ಮುಂದಿನ ಗುರಿ ಐದು ಗಂಟೆಯಲ್ಲಿ ಫುಲ್. ಓಡುವ ಜಾಗ ಕಬ್ಬನ್ ಪಾರ್ಕ್ ಮತ್ತು ಔಟರ್ ರಿಂಗ್ ರೋಡ್ ಪಕ್ಕದ ಸರ್ವಿಸ್ ರಸ್ತೆ. ಫೋನ್ ಆಂಡ್ರಾಯ್ಡ್. ಬಜೆಟ್ 30 ಸಾವಿರ, ಕಾರಣ ಗಟ್ಟಿ ಇದ್ದರೆ ನಾಲ್ಕೈದು ಸಾವಿರ ಮೇಲಾದರೂ ಪರವಾಗಿಲ್ಲ.

ಅಂಗಡಿಯಲ್ಲಿ ಕೇಳಿದರೆ ಎಲ್ಲ ವಾಚಲ್ಲೂ ಜಿಪಿಎಸ್ ಇದೆ ಅಂತಾರೆ. ಹಾಗಿದ್ದ ಮೇಲೆ ಓಟಕ್ಕೆಂದೇ ಮಾಡಿದ ವಾಚಿಗೆ ದುಡ್ಡು ಹಾಕುವುದು ಯಾಕೆ? ದೂರ ಸರಿಯಾಗಿ ಅಳೆಯುವುದು ಯಾವುದು? ಹಾರ್ಟ್ ರೇಟ್ ನಂಬಬಹುದಾ? ಬ್ರ್ಯಾಂಡ್ ಜಗಳ ಬೇಡ, ಕಾರಣ ಹೇಳಿ.

ಟ್ರ್ಯಾಕ್_ಕೋಚ್ (ಮೈಸೂರು)

ದೂರ ಯಾವುದು ಸರಿಯಾಗಿ ಅಳೆಯುತ್ತದೆ ಅನ್ನುವುದರಿಂದ ಶುರು ಮಾಡಿದರೆ ನಿರ್ಧಾರ ತಪ್ಪುತ್ತದೆ. ಒಳ್ಳೆಯ ಸ್ಮಾರ್ಟ್‌ವಾಚಿಗೂ ಓಟದ ವಾಚಿಗೂ ಆ ವಿಷಯದಲ್ಲಿ ಈಗ ದೊಡ್ಡ ಅಂತರ ಉಳಿದಿಲ್ಲ. ಅಂತರ ಇರುವುದು ಓಡುತ್ತಿರುವಾಗ ಅದನ್ನು ಹೇಗೆ ಬಳಸುತ್ತೀರಿ ಅನ್ನುವುದರಲ್ಲಿ.

ನಿಮ್ಮ ಇಂಟರ್ವಲ್ ದಿನವನ್ನೇ ತಗೊಳ್ಳಿ. 2 ಕಿಮೀ ವಾರ್ಮಪ್, 800 ಮೀಟರ್ ಆರು ಸಲ, ಮಧ್ಯೆ 400 ಮೀಟರ್ ನಿಧಾನ ಜಾಗ್, ಕೊನೆಗೆ 2 ಕಿಮೀ ಕೂಲ್‌ಡೌನ್. ಒಂದು ಓಟದಲ್ಲಿ ಹದಿಮೂರು ಹದಿನಾಲ್ಕು ಸಲ ವಾಚಿಗೆ 'ಇಲ್ಲಿಗೆ ಈ ತುಂಡು ಮುಗೀತು' ಅಂತ ತಿಳಿಯಬೇಕು. ಗುಂಡಿ ಇರುವ ವಾಚಲ್ಲಿ ನೋಡದೆಯೇ ಲ್ಯಾಪ್ ಒತ್ತಬಹುದು. ಟಚ್ ಪರದೆ ಕೆಲಸ ಮಾಡುವುದು ಬೆರಳಿನ ವಿದ್ಯುತ್ ಧಾರಕತೆ ಗುರುತಿಸಿ. ಬೆವರು, ಮಳೆ ನೀರು ಕೂಡ ವಿದ್ಯುತ್ ಹರಿಸುತ್ತವೆ. ಹಾಗಾಗಿ ಪರದೆ ಒದ್ದೆಯಾದಾಗ ಒತ್ತಿದ್ದು ಹತ್ತುವುದಿಲ್ಲ, ಒತ್ತದಿದ್ದದ್ದು ಹತ್ತುತ್ತದೆ. ಸಾಮಾನ್ಯ ಆ್ಯಪಲ್ ವಾಚಲ್ಲಿ ಸೆಗ್ಮೆಂಟ್ ಗುರುತಿಸಲು ಪರದೆಯನ್ನು ಎರಡು ಸಲ ತಟ್ಟಬೇಕು, ಒದ್ದೆ ಕೈಗೆ ಇದೇ ಕಷ್ಟ. ಓಟ ನಿಲ್ಲಿಸಿ ಮುಂದುವರಿಸಲು ಮಾತ್ರ ಕ್ರೌನ್ (ತಿರುಗಿಸುವ ಗುಂಡಿ) ಮತ್ತು ಪಕ್ಕದ ಗುಂಡಿ ಒಟ್ಟಿಗೆ ಒತ್ತಿದರೆ ಆಗುತ್ತದೆ. ಅಲ್ಟ್ರಾ ಮಾದರಿಗೆ ಆ್ಯಕ್ಷನ್ ಬಟನ್ ಅಂತ ಬೇರೆಯೇ ಗುಂಡಿ ಕೊಟ್ಟಿದ್ದು ಇದಕ್ಕೇ.

ಇನ್ನೂ ಒಳ್ಳೆಯದು ಅಂದರೆ ವರ್ಕೌಟನ್ನು ಮೊದಲೇ ವಾಚಿಗೆ ಹಾಕಿಬಿಡುವುದು. ಓಟದ ವಾಚ್ ಮಾಡುವ ಗಾರ್ಮಿನ್ ಕಂಪನಿಯ ಕನೆಕ್ಟ್ ಆ್ಯಪ್‌ನಲ್ಲಿ ಮೋರ್ → ಟ್ರೈನಿಂಗ್ ಅಂಡ್ ಪ್ಲ್ಯಾನಿಂಗ್ → ವರ್ಕೌಟ್ಸ್ → ಕ್ರಿಯೇಟ್ → ರನ್. 800ರ ಹಂತ, 400ರ ಹಂತ, ಎರಡನ್ನೂ ರಿಪೀಟ್ 6ರೊಳಗೆ ಇಡಿ. ವಾರ್ಮಪ್ ಹಂತವನ್ನು ದೂರಕ್ಕೆ ಕಟ್ಟದೆ 'ಲ್ಯಾಪ್ ಬಟನ್ ಪ್ರೆಸ್'ಗೆ ಬಿಡಿ. ದೂರಕ್ಕೆ ಕಟ್ಟಿದರೆ, ನೀವು ಟ್ರ್ಯಾಕಿನ ಗೆರೆ ಮುಟ್ಟುವ ಮೊದಲೇ ದಾರಿ ಮಧ್ಯದಲ್ಲಿ ಮೊದಲ 800 ಶುರುವಾಗಿಬಿಡುತ್ತದೆ. ಮಾಡಿಟ್ಟ ಮೇಲೆ ವಾಚಿಗೆ ಕಳಿಸುವ ಚಿಹ್ನೆ ಒತ್ತಲೇಬೇಕು. ಉಳಿಸಿದ ಮಾತ್ರಕ್ಕೆ ಅದು ವಾಚಿಗೆ ಹೋಗುವುದಿಲ್ಲ.

ಆ್ಯಪಲ್ ವಾಚಲ್ಲೂ ಇದು ಆಗುತ್ತದೆ, 2022ರ ವಾಚ್‌ಒಎಸ್ 9ರಿಂದ ಕಸ್ಟಮ್ ವರ್ಕೌಟ್ ಬಂದಿದೆ. ಆದರೆ ನಿಮ್ಮದು ಆಂಡ್ರಾಯ್ಡ್, ಆ್ಯಪಲ್ ವಾಚ್ ಅದಕ್ಕೆ ಜೋಡಣೆಯೇ ಆಗುವುದಿಲ್ಲ. ಅದೇ ರೀತಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4ರಿಂದ ಈಚೆಗಿನವು ಐಫೋನಿಗೆ ಸೇರುವುದಿಲ್ಲ. ಗಾರ್ಮಿನ್, ಕೋರೋಸ್ ಕಂಪನಿಗಳ ಓಟದ ವಾಚುಗಳು ಎರಡೂ ಥರದ ಫೋನಿಗೆ ಸೇರುತ್ತವೆ. ನಾಳೆ ಫೋನ್ ಬದಲಾಯಿಸುವ ಯೋಚನೆ ಇದ್ದವರು ಇದನ್ನೇ ಮೊದಲು ನೋಡಬೇಕು.

ಸಿಗ್ನಲ್_ಶಾಸ್ತ್ರಿ (ಬೆಂಗಳೂರು)

ಕೋಚ್ ಸರ್ ಹೇಳಿದ್ದು ನಿಜ. ಆದರೂ ಕಬ್ಬನ್ ಪಾರ್ಕ್ ಮತ್ತು ರಿಂಗ್ ರೋಡ್ ಅಂದಿದ್ದರಿಂದ ಸಿಗ್ನಲ್ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಮೀ ಎತ್ತರದಲ್ಲಿವೆ. ವಾಚಿಗೆ ತಲುಪುವ ಹೊತ್ತಿಗೆ ಸಿಗ್ನಲ್ ಬಹಳ ಕ್ಷೀಣ. ಎರಡು ಕಡೆ ಕೆಡುತ್ತದೆ. ಕಬ್ಬನ್ ಪಾರ್ಕಿನ ಹಳೆಯ ಮರಗಳ ದಟ್ಟ ಎಲೆ, ಅದರಲ್ಲೂ ಮಳೆ ಬಂದು ಒದ್ದೆಯಾದ ಎಲೆ, ಸಿಗ್ನಲನ್ನು ಹೀರುತ್ತದೆ. ರಿಂಗ್ ರೋಡಿನ ಟೆಕ್ ಪಾರ್ಕುಗಳ ಗಾಜಿನ ಗೋಡೆ ಅದನ್ನು ಪ್ರತಿಫಲಿಸುತ್ತದೆ. ಪ್ರತಿಫಲಿಸಿ ಬಂದ ಸಿಗ್ನಲ್ ಹೆಚ್ಚು ದೂರ ಕ್ರಮಿಸಿರುತ್ತದೆ, ವಾಚಿಗೆ ಅದು ಗೊತ್ತಾಗದೆ ನಿಮ್ಮನ್ನು ರಸ್ತೆಯ ಆಚೆ ಬದಿಗೆ ಕೂರಿಸುತ್ತದೆ.

ಇಲ್ಲೇ ಡ್ಯುಯಲ್ ಫ್ರೀಕ್ವೆನ್ಸಿ ಉಪಯೋಗಕ್ಕೆ ಬರುವುದು. ಹಳೆಯ ಎಲ್1 ಅಲೆ 1575.42 ಮೆಗಾಹರ್ಟ್ಸ್, ಹೊಸ ಎಲ್5 ಅಲೆ 1176.45. ಎಲ್5ನ ಕೋಡ್ ಹತ್ತು ಪಟ್ಟು ವೇಗ. ಎಲ್1ನ ಸಾಮಾನ್ಯ ಕೋಡಿನ ಒಂದು ತುಣುಕು ದೂರದ ಲೆಕ್ಕದಲ್ಲಿ ಸುಮಾರು 293 ಮೀಟರ್, ಎಲ್5ನದು ಸುಮಾರು 29 ಮೀಟರ್. ಗಾಜಿಗೆ ಬಡಿದು 40 ಮೀಟರ್ ಸುತ್ತಿ ಬಂದ ಸಿಗ್ನಲ್ ಎಲ್1ನಲ್ಲಿ ಅಸಲಿಯ ಜೊತೆ ಕಲಸಿಹೋಗುತ್ತದೆ. ಎಲ್5ನಲ್ಲಿ ಬೇರೆಯಾಗಿ ಕಾಣುತ್ತದೆ, ವಾಚ್ ಅದನ್ನು ತಳ್ಳಿಹಾಕಬಹುದು.

ಈಗ ಯಾರಲ್ಲಿ ಏನಿದೆ ನೋಡಿ. ಗಾರ್ಮಿನ್ ಫೋರ್‌ರನ್ನರ್ 55 (2021) ಮತ್ತು 165 (2024) ಓಟದ ವಾಚುಗಳೇ, ಆದರೆ ಎಲ್5 ಇಲ್ಲ. ಫೋರ್‌ರನ್ನರ್ 255, 265, ಕೋರೋಸ್ ಪೇಸ್ 3ಗೆ ಇದೆ. ಸ್ಮಾರ್ಟ್‌ವಾಚ್ ಕಡೆ ಆ್ಯಪಲ್ ವಾಚ್ ಅಲ್ಟ್ರಾ (2022), ಗ್ಯಾಲಕ್ಸಿ ವಾಚ್ 7 (2024) ಎರಡಕ್ಕೂ ಇದೆ. ಗ್ಯಾಲಕ್ಸಿ ವಾಚ್ 6ಕ್ಕೆ ಇಲ್ಲ, ಆ್ಯಪಲ್ ಸೀರೀಸ್ 10ಕ್ಕೂ ಇಲ್ಲ. ಅಂದರೆ 'ಓಟದ ವಾಚ್ ಆದ್ದರಿಂದ ಜಿಪಿಎಸ್ ಚೆನ್ನಾಗಿರುತ್ತೆ' ಅನ್ನುವ ಮಾತಿಗೆ ಬುಡವಿಲ್ಲ. ಪೆಟ್ಟಿಗೆಯ ಮೇಲಿನ ಜಾತಿ ನೋಡಬೇಡಿ, ಸ್ಪೆಕ್ ಪಟ್ಟಿಯಲ್ಲಿ ಎಲ್5 ಅಥವಾ ಮಲ್ಟಿ ಬ್ಯಾಂಡ್ ಅಂತ ಇದೆಯಾ ನೋಡಿ.

ಕೆಲವು ವಾಚುಗಳ ಪಟ್ಟಿಯಲ್ಲಿ ನಮ್ಮ ಇಸ್ರೋದ ಉಪಗ್ರಹ ಜಾಲ ನಾವಿಕ್ ಹೆಸರು ಇರುತ್ತದೆ. ಹೆಮ್ಮೆಯ ವಿಷಯ, ಆದರೆ ಅದೊಂದನ್ನೇ ನೋಡಿ ಕೊಳ್ಳಬೇಡಿ. ಮೊದಲ ತಲೆಮಾರಿನ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದವು, ಎಲ್1 ಮಾತ್ರ ಹಿಡಿಯುವ ವಾಚಿಗೆ ಅವು ಸಿಗುವುದಿಲ್ಲ. ಎಲ್1 ಅಲೆ ಬಂದಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ.

ಯಾವ ವಾಚಾದರೂ ಸರಿ, ಇಷ್ಟು ಮಾಡಿ. ಹಿಂದಿನ ರಾತ್ರಿ ಫೋನಿಗೆ ಸಿಂಕ್ ಮಾಡಿ. ಉಪಗ್ರಹ ಯಾವ ಹೊತ್ತಿಗೆ ಎಲ್ಲಿರುತ್ತದೆ ಅನ್ನುವ ಮುಂಗಡ ಮಾಹಿತಿ ಇಂಟರ್ನೆಟ್ಟಿನಿಂದ ವಾಚಿಗೆ ಇಳಿಯುತ್ತದೆ. ಅದು ಇಲ್ಲದಿದ್ದರೆ ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಇಳಿಯಬೇಕು. ಒಂದು ಉಪಗ್ರಹದ್ದಕ್ಕೆ ಅರ್ಧ ನಿಮಿಷ, ಎಲ್ಲ ಉಪಗ್ರಹಗಳ ಪಟ್ಟಿಯಾದ ಇಡೀ ಅಲ್ಮನಾಕ್‌ಗೆ 12.5 ನಿಮಿಷ. ಬೆಳಿಗ್ಗೆ ಮರದಡಿ ಅಥವಾ ಗೋಡೆ ಪಕ್ಕ ನಿಲ್ಲದೆ ತೆರೆದ ಜಾಗದಲ್ಲಿ ನಿಂತು ವಾಚಿನ ಜಿಪಿಎಸ್ ಗುರುತು ಹಸಿರಾದ ಮೇಲೂ ಅರ್ಧ ನಿಮಿಷ ಕಾಯಿರಿ. ಮೊದಲ ಕಿಲೋಮೀಟರ್ ಯಾವಾಗಲೂ ವಕ್ರ ಬರುವವರು ಬಹುಪಾಲು ಉಪಗ್ರಹ ಲಾಕ್ ಆಗುವ ಮೊದಲೇ ಓಡಿರುತ್ತಾರೆ. ಗಾರ್ಮಿನ್‌ನಲ್ಲಿ ಡೇಟಾ ರೆಕಾರ್ಡಿಂಗ್ 'ಸ್ಮಾರ್ಟ್' ಇದ್ದರೆ 'ಎವೆರಿ ಸೆಕೆಂಡ್' ಮಾಡಿ.

ಇನ್ನೊಂದು ಮಾತು, ಓಡುವಾಗ ಆ ಕ್ಷಣದ ಪೇಸ್ (ಒಂದು ಕಿಮೀಗೆ ಹಿಡಿಯುವ ಸಮಯ) ನೋಡಬೇಡಿ. ಕಿಲೋಮೀಟರಿಗೆ 6 ನಿಮಿಷದ ಓಟ ಅಂದರೆ ಸೆಕೆಂಡಿಗೆ 2.78 ಮೀಟರ್. ಸ್ಥಾನದಲ್ಲೇ ಮೂರ್ನಾಲ್ಕು ಮೀಟರ್ ಏರುಪೇರಿರುವಾಗ ಒಂದೊಂದು ಸೆಕೆಂಡಿನ ಪೇಸ್ ಹೇಗೆ ನಿಖರ ಇದ್ದೀತು? ಚಿಪ್ ಡಾಪ್ಲರ್ (ಚಲನೆಯಿಂದ ಅಲೆಯಲ್ಲಾಗುವ ಬದಲಾವಣೆ) ಬಳಸಿ, ಹಿಂದಿನ ಕೆಲವು ಸೆಕೆಂಡಿನ ಸರಾಸರಿ ಸೇರಿಸಿ ನಯ ಮಾಡುತ್ತದೆ. ಅದಕ್ಕೇ ನೀವು ವೇಗ ಹೆಚ್ಚಿಸಿದ್ದು ತಡವಾಗಿ ಕಾಣುತ್ತದೆ. ಪರದೆಯಲ್ಲಿ 'ಲ್ಯಾಪ್ ಪೇಸ್' ಇಟ್ಟುಕೊಳ್ಳಿ.

ಧಾರವಾಡ_ಮಂದಿ (ಧಾರವಾಡ)

ಹಾರ್ಟ್ ರೇಟ್ ಬಗ್ಗೆ ನಾ ಹೇಳ್ತೀನ್ರಿ. ವಾಚಿನ ಹಿಂದ ಹಸಿರು ಲೈಟ್ ಹತ್ತತೈತಲ್ರಿ, ಅದು ಚರ್ಮದ ಕೆಳಗಿನ ರಕ್ತ ಎಷ್ಟು ಬೆಳಕು ಹೀರ್ಕೊಂತು ಅಂತ ನೋಡಿ ಬಡಿತ ಎಣಸ್ತೈತಿ. ಕುಂತಾಗ, ಮಲಗಿದಾಗ ಚಲೋ ಬರ್ತೈತಿ. ಓಡೂಮುಂದ ಕೈ ಬೀಸ್ತೀವಿ, ಪ್ರತಿ ಹೆಜ್ಜಿಗೂ ರಕ್ತ ಅಲುಗಾಡ್ತೈತಿ. ಹೆಜ್ಜಿ ನಿಮಿಷಕ್ಕ 165–175 ಇರ್ತಾವ. ಸೆನ್ಸರ್ ಬಡಿತ ಬಿಟ್ಟು ಹೆಜ್ಜಿ ಎಣಸಾಕ ಹತ್ತಿತಂದ್ರ ಈಸಿ ರನ್ನಿನಾಗ 170 ತೋರಸ್ತೈತಿ. ಹೆಜ್ಜಿ ಎಣಿಕಿಗೆ ಕೇಡೆನ್ಸ್ ಅಂತಾರ, ಇದಕ್ಕ ಕೇಡೆನ್ಸ್ ಲಾಕ್ ಅಂತಾರ. ಓಟ ಮುಗದ ಮ್ಯಾಲ ಆ್ಯಪಿನಾಗ ಹಾರ್ಟ್ ರೇಟ್ ಗ್ರಾಫ್ ಮ್ಯಾಲ ಕೇಡೆನ್ಸ್ ಗ್ರಾಫ್ ಇಟ್ಟು ನೋಡ್ರಿ. ಎರಡೂ ಗೆರಿ ಒಂದರ ಮ್ಯಾಲ ಒಂದು ಕುಂತಿದ್ರ ಆ ಓಟದ ಝೋನ್ (ಬಡಿತದ ಮಟ್ಟ) ಲೆಕ್ಕ ಎಲ್ಲಾ ಬಿಟ್ಟುಬಿಡ್ರಿ.

ಇದರಾಗ ಸ್ಮಾರ್ಟ್‌ವಾಚು, ಜಿಪಿಎಸ್ ವಾಚು ಅಂತ ಭೇದ ಇಲ್ರಿ. ವಾಚ್ ಮಣಿಕಟ್ಟಿನ ಎಲುಬಿನಿಂದ ಒಂದು ಬೊಟ್ಟು ಮ್ಯಾಲ ಕಟ್ರಿ. ಕೈ ಜಾಡಿಸಿದ್ರ ಜಾರಬಾರದು, ಹಂಗಂತ ರಕ್ತ ನಿಲ್ಲೂವಷ್ಟು ಬಿಗೀನೂ ಬ್ಯಾಡ. ಸೆನ್ಸರ್ ಇರೋ ಜಾಗದಾಗ ಹಚ್ಚೆ ಇದ್ರ ಬ್ಯಾರೆ ಕೈಗೆ ಕಟ್ರಿ. ಶಾಯಿ ಬೆಳಕು ತಡೀತೈತಿ.

ಇಂಟರ್ವಲ್ಲಿಗೆ ಎದಿ ಪಟ್ಟಿನ ಬೇಕ್ರಿ. ಅದು ಹೃದಯದ ವಿದ್ಯುತ್ ಸಂಕೇತ ಹಿಡೀತೈತಿ, ಹೆಜ್ಜಿ ಗೊಂದಲ ಇಲ್ಲ, ತಡಾನೂ ಇಲ್ಲ. ಕಟ್ಟೂಕಿಂತ ಮೊದಲ ಎರಡೂ ಇಲೆಕ್ಟ್ರೋಡಿಗೆ ನೀರು ಹಚ್ರಿ. ಒಣಾ ಪಟ್ಟಿ ಕಟ್ಟಿದ್ರ ಬೆವರು ಬರೂತನಾ ಮೊದಲ ಹತ್ತು ನಿಮಿಷ 200ರ ಮ್ಯಾಲ ಜಿಗೀತೈತಿ. ಓಟ ಮುಗದ ಮ್ಯಾಲ ಪಾಡ್ (ಪಟ್ಟಿಗೆ ಸಿಗಿಸೋ ಸೆನ್ಸರ್) ಬಿಚ್ಚಿ ಇಡ್ರಿ; ಒದ್ದಿ ಪಟ್ಟಿಗೆ ಸಿಗಿಸೇ ಬಿಟ್ರ ಆನ್ ಆಗೇ ಇದ್ದು ಸೆಲ್ ಖಾಲಿ ಆಗ್ತೈತಿ. ಪಟ್ಟಿ ತಣ್ಣೀರಾಗ ತೊಳೀರಿ. ಸೆಲ್ ಬದಲಿಸೋಮುಂದ ನಂಬರ್ ನೋಡ್ರಿ: ಗಾರ್ಮಿನ್ ಎಚ್‌ಆರ್‌ಎಂ ಡ್ಯುಯಲ್‌ಗೆ ಸಿಆರ್2032, ಪೋಲಾರ್ ಎಚ್10ಕ್ಕ ಸಿಆರ್2025. ಬ್ಲೂಟೂತ್ ಇರೋ ಪಟ್ಟಿನ ತಗೋರಿ. ಬರೇ ಎಎನ್‌ಟಿ ಪ್ಲಸ್ (ಬ್ಯಾರೆ ಥರದ ವೈರ್‌ಲೆಸ್) ಇದ್ದದ್ದು ಆ್ಯಪಲ್ ವಾಚಿಗೂ ಪೇಸ್ 3ಕ್ಕೂ ಸೇರೂದಿಲ್ಲ.

ನನ್ನ ಕೇಳಿದ್ರ, ಮ್ಯಾಲಿನ ಮಾಡೆಲ್ ವಾಚಿಗೆ ಹಾಕೂ ರೊಕ್ಕದಾಗ ಕೆಳಗಿಂದ ತಗೊಂಡು ಎದಿ ಪಟ್ಟಿ ಸೇರಸ್ರಿ.

ಕೋರಮಂಗಲ_ರನ್ನರ್ (ಬೆಂಗಳೂರು)

ಸ್ಮಾರ್ಟ್‌ವಾಚ್ ಪರವಾಗಿ ಒಬ್ಬರಾದರೂ ಗಟ್ಟಿಯಾಗಿ ಮಾತಾಡಬೇಕು.

ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಒಬ್ಬರೇ ಓಡುವ ಹೆಣ್ಣುಮಕ್ಕಳು ತುಂಬಾ ಜನ ಇದ್ದಾರೆ. ಎಲ್‌ಟಿಇ (ವಾಚಿಗೇ ಸ್ವಂತ ಮೊಬೈಲ್ ನೆಟ್‌ವರ್ಕ್) ಇರುವ ಗ್ಯಾಲಕ್ಸಿ ವಾಚ್ ಅಥವಾ ಆ್ಯಪಲ್ ವಾಚಿಗೆ ಜಿಯೊ, ಏರ್‌ಟೆಲ್ ಇ-ಸಿಮ್ ಹಾಕಿದರೆ ಫೋನ್ ಮನೆಯಲ್ಲೇ ಬಿಟ್ಟು ಹೋಗಬಹುದು. ಕರೆ ಮಾಡಬಹುದು, ಎಸ್‌ಒಎಸ್ ಒತ್ತಿದರೆ ಮನೆಯವರಿಗೆ ಜಾಗ ತಿಳಿಯುತ್ತದೆ. ಇಲ್ಲಿ ಹೆಸರು ಬಂದ ಫೋರ್‌ರನ್ನರ್‌ಗಳಲ್ಲಿ ಲೈವ್‌ಟ್ರ್ಯಾಕ್, ಅಪಘಾತ ಎಚ್ಚರಿಕೆ ಎಲ್ಲ ಇವೆ, ಆದರೆ ಫೋನ್ ಜೊತೆಗಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಇದು ಸಣ್ಣ ವ್ಯತ್ಯಾಸ ಅಲ್ಲ. ಕೊಳ್ಳುವಾಗ ಎಚ್ಚರ: ಬ್ಲೂಟೂತ್ ಮಾದರಿಯೂ ಎಲ್‌ಟಿಇ ಮಾದರಿಯೂ ನೋಡಲು ಒಂದೇ ಥರ ಇರುತ್ತವೆ, ಪೆಟ್ಟಿಗೆ ಮೇಲೆ ಎಲ್‌ಟಿಇ ಅಂತ ಬರೆದಿರಬೇಕು. ನಿಮ್ಮ ಸಿಮ್ ಕಂಪನಿ ನಿಮ್ಮ ಪ್ಲ್ಯಾನಿಗೆ ವಾಚ್ ಸೇವೆ ಕೊಡುತ್ತದೆಯೇ ಅಂತ ಮೊದಲೇ ಕೇಳಿ.

10ಕೆ, ಹಾಫ್‌ವರೆಗೆ ಓಡುವವರಿಗೆ ಗ್ಯಾಲಕ್ಸಿ ವಾಚ್ 7 ಧಾರಾಳ ಸಾಕು. ಎಲ್5 ಇದೆ, ಸ್ಯಾಮ್‌ಸಂಗ್ ಹೆಲ್ತ್‌ನಿಂದ ಓಟ ದಾಖಲಿಸುವ ಸ್ಟ್ರಾವಾ ಆ್ಯಪಿಗೆ ಓಟ ತಾನಾಗೇ ಹೋಗುತ್ತದೆ. ಈಗಾಗಲೇ ಕೈಯಲ್ಲಿ ಇಂಥದ್ದೊಂದು ಇರುವವರು ಹೊಸದು ಕೊಳ್ಳುವ ಬದಲು, ಅದಕ್ಕೆ ಸೇರುವ ಎದೆಪಟ್ಟಿ ಸಿಕ್ಕರೆ ಅದನ್ನು ಕೊಂಡು ಓಡಿ.

ಟ್ರ್ಯಾಕ್_ಕೋಚ್ (ಮೈಸೂರು)

ಸುರಕ್ಷತೆ ವಿಷಯ ಒಪ್ಪಿದೆ ಮೇಡಂ. ಅದು ಮುಖ್ಯವಾದವರು ಎಲ್‌ಟಿಇ ವಾಚನ್ನೇ ಕೊಳ್ಳಲಿ, ಬೇರೆ ಎಲ್ಲ ಲೆಕ್ಕ ಆಮೇಲೆ. ಆದರೆ ಇವರ ಗುರಿ ಐದು ಗಂಟೆಯ ಫುಲ್. ಅಲ್ಲಿ ಬ್ಯಾಟರಿ ಪ್ರಶ್ನೆ ಏಳುತ್ತದೆ.

ರೇಸಿನ ದಿನ ವಾಚ್ ಚಾರ್ಜರಿಂದ ಇಳಿಯುವುದು ರಾತ್ರಿ ಮೂರಕ್ಕೆ ಅಂದುಕೊಳ್ಳಿ. ಪ್ರಯಾಣ, ಸಾಲಿನಲ್ಲಿ ನಿಲ್ಲುವುದು, ಆಮೇಲೆ ಐದು ಗಂಟೆ ಜಿಪಿಎಸ್. ಸಾಮಾನ್ಯ ಆ್ಯಪಲ್ ವಾಚ್ ಹೊಸದಿದ್ದಾಗ ಜಿಪಿಎಸ್ ಓಟಕ್ಕೆ ಆರೇಳು ಗಂಟೆ ಬರುತ್ತದೆ. ಎಲ್‌ಟಿಇ, ಹಾಡು, ಸದಾ ಉರಿಯುವ ಪರದೆ ಸೇರಿದರೆ ಇನ್ನೂ ಕಡಿಮೆ. ಅಲ್ಟ್ರಾ 12 ಗಂಟೆ ಬರುತ್ತದೆ. ಕಂಪನಿಯ ಲೆಕ್ಕದಲ್ಲಿ ಫೋರ್‌ರನ್ನರ್ 55ಕ್ಕೆ 20 ಗಂಟೆ, 165ಕ್ಕೆ 19, 265ಕ್ಕೆ 20, ಪೇಸ್ 3ಕ್ಕೆ 38. ಮಲ್ಟಿ ಬ್ಯಾಂಡ್ ಹಾಕಿದರೆ 265 ಸುಮಾರು 14 ಗಂಟೆಗೆ, ಪೇಸ್ 3 ಸುಮಾರು 15 ಗಂಟೆಗೆ ಇಳಿಯುತ್ತವೆ. ವಾಚಿಂದಲೇ ಹಾಡು ಹಾಕಿದರೆ ಗಾರ್ಮಿನ್ ಕೂಡ ಮೂರನೇ ಒಂದರಷ್ಟಕ್ಕೆ ಇಳಿಯಬಹುದು.

ಹೊಸದರಲ್ಲಿ ಏಳು ಗಂಟೆ ಇದ್ದರೆ ಐದು ಗಂಟೆಗೆ ಸಾಕಲ್ಲ ಅಂತ ಅನ್ನಿಸುತ್ತದೆ. ಲೀಥಿಯಂ ಸೆಲ್ ಪ್ರತಿ ಚಾರ್ಜಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ದಿನಾ ಚಾರ್ಜ್ ಬೇಡುವ ವಾಚ್ ವರ್ಷಕ್ಕೆ 365 ಸುತ್ತು, ವಾರಕ್ಕೊಮ್ಮೆ ಬೇಡುವುದು 52 ಸುತ್ತು. ಮೂರನೇ ವರ್ಷಕ್ಕೆ ಮೊದಲನೆಯದು ಸಾವಿರ ಸುತ್ತು ದಾಟಿರುತ್ತದೆ, ಎರಡನೆಯದು ನೂರೈವತ್ತರ ಹತ್ತಿರ. ಏಳು ಗಂಟೆಯಲ್ಲಿ ಐದರಲ್ಲೊಂದು ಭಾಗ ಹೋದರೆ ಉಳಿಯುವುದು ಐದೂವರೆ. 35ನೇ ಕಿಮೀ ದಾಟಿದ ಮೇಲೆ, ಪೇಸ್ ತೀರಾ ಬೇಕಾದಾಗಲೇ ಪರದೆ ಕಪ್ಪಾಗುತ್ತದೆ.

ಸ್ಮಾರ್ಟ್‌ವಾಚಲ್ಲೇ ಫುಲ್ ಓಡುವವರು: ವಾಚನ್ನು 100ಕ್ಕೆ ತಂದು ಸಾಲಿಗೆ ಹೋಗುವವರೆಗೆ ಪವರ್ ಆಫ್ ಮಾಡಿಡಿ, ಎಲ್‌ಟಿಇ ಮತ್ತು ವೈಫೈ ಆರಿಸಿ, ಆಲ್ವೇಸ್ ಆನ್ ಪರದೆ ಆರಿಸಿ, ಹಾಡು ಬೇಡ, ನೋಟಿಫಿಕೇಶನ್ ಬೇಡ. ಎದೆಪಟ್ಟಿ ಹಾಕಿಕೊಂಡರೆ ಕೈ ಸೆನ್ಸರಿನ ಖರ್ಚೂ ಉಳಿಯಬಹುದು. ಇದನ್ನು 30 ಕಿಮೀ ಲಾಂಗ್ ರನ್ನಲ್ಲಿ ಒಮ್ಮೆ ಪರೀಕ್ಷಿಸಿ, ಶೇಕಡ ಎಷ್ಟು ಇಳಿಯಿತು ಅಂತ ಬರೆದಿಟ್ಟುಕೊಳ್ಳಿ. ಕಾಫಿ ತೋಟಗಳ ಮಧ್ಯೆ 50, 100 ಕಿಮೀ ಅಲ್ಟ್ರಾ ಮ್ಯಾರಥಾನ್ ಓಡುವವರಿಗೆ ಮಾತ್ರ ಈ ಉಪಾಯ ಯಾವುದೂ ಸಾಲದು, ಅವರಿಗೆ ಜಿಪಿಎಸ್ ವಾಚೇ.

ಡಬ್ಲಿನ್_ಕನ್ನಡತಿ (ಐರ್ಲೆಂಡ್)

ಚಳಿ ದೇಶದಲ್ಲಿರುವ ನಮ್ಮವರಿಗೆ ಎರಡು ಮಾತು. ಚಳಿಗೆ ಚರ್ಮದ ರಕ್ತನಾಳ ಕುಗ್ಗಿ ಕೈ ಸೆನ್ಸರ್‌ಗೆ ಬಡಿತವೇ ಸಿಗುವುದಿಲ್ಲ. ಒಳಗೇ ಹತ್ತು ನಿಮಿಷ ಮೈ ಬಿಸಿ ಮಾಡಿ ಹೊರಟರೆ ಸ್ವಲ್ಪ ಸುಧಾರಿಸುತ್ತದೆ, ಪಟ್ಟಿ ಇದ್ದರೆ ಚಿಂತೆಯೇ ಇಲ್ಲ. ಕೈಗವಸು ಹಾಕಿಕೊಂಡು ಟಚ್ ಪರದೆ ನಡೆಯುವುದಿಲ್ಲ, ಗುಂಡಿ ಬೇಕೇ ಬೇಕು.

ಪರದೆ ವಿಚಾರ ಯಾರೂ ಎತ್ತಲಿಲ್ಲ. ಫೋರ್‌ರನ್ನರ್ 55, 255, ಪೇಸ್ 3ರಲ್ಲಿರುವ ಎಂಐಪಿ ಪರದೆ ಬಿಸಿಲನ್ನೇ ಪ್ರತಿಫಲಿಸಿ ಕಾಣುತ್ತದೆ, ಸದಾ ಆನ್ ಇರುತ್ತದೆ, ಬಿಸಿಲು ಹೆಚ್ಚಾದಷ್ಟೂ ಸ್ಪಷ್ಟ. ಕತ್ತಲಲ್ಲಿ ಮಂಕು, ಬ್ಯಾಕ್‌ಲೈಟ್ ಬೇಕು. 165, 265ರ ಅಮೋಲೆಡ್ ನೋಡಲು ಚೆಂದ, ಬೆಳಗಿನ ಕತ್ತಲಿಗೆ ಒಳ್ಳೆಯದು. ಆದರೆ ಕೈ ಎತ್ತಿದ ಮೇಲೆ ಹತ್ತುವ ಸೆಟ್ಟಿಂಗಿನಲ್ಲಿ ಅರೆಕ್ಷಣ ತಡ. ವೇಗವಾಗಿ ಓಡುವಾಗ ಅದು ಕಿರಿಕಿರಿ, ಓಟದ ಹೊತ್ತಿಗೆ ಮಾತ್ರ ಆಲ್ವೇಸ್ ಆನ್ ಇಡಿ.

ಮುಂಜಾವಿನ_ಓಟ (ಬೆಂಗಳೂರು)

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಎಷ್ಟೇ ಒಳ್ಳೆಯ ವಾಚಾದರೂ ಫುಲ್ ಮುಗಿಸಿದವರ ಸ್ಟ್ರಾವಾದಲ್ಲಿ 42.6, 42.8 ಅಂತ ಇರುತ್ತದೆ. 42.195 ಬರುವುದೇ ಇಲ್ಲ. ಆಯೋಜಕರು ತಪ್ಪು ಅಳೆದಿರುತ್ತಾರಾ, ವಾಚ್ ತಪ್ಪಾ?

ಸಿಗ್ನಲ್_ಶಾಸ್ತ್ರಿ (ಬೆಂಗಳೂರು)

ಬಹುತೇಕ ಇಬ್ಬರದ್ದೂ ತಪ್ಪಿರುವುದಿಲ್ಲ. ಪ್ರಮಾಣಿತ ರೇಸಿನ ದಾರಿಯನ್ನು ಸೈಕಲ್ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನುವ ಎಣಿಕೆ ಯಂತ್ರ ಕಟ್ಟಿ ಅಳೆಯುತ್ತಾರೆ, ಜಿಪಿಎಸ್‌ನಿಂದ ಅಲ್ಲ. ಓಟಗಾರ ಓಡಬಹುದಾದ ಅತಿ ಚಿಕ್ಕ ದಾರಿ ಹಿಡಿದು, ತಿರುವಿನ ಒಳ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ. ಅದರ ಮೇಲೆ ದಾರಿ ಗಿಡ್ಡವಾಗಬಾರದು ಅಂತ ಸಾವಿರಕ್ಕೆ ಒಂದರಂತೆ ಸೇರಿಸುತ್ತಾರೆ, ಫುಲ್‌ಗೆ ಅದು 42 ಮೀಟರ್. ನೀವು ಆ ಚಿಕ್ಕ ಗೆರೆಯ ಮೇಲೆ ಓಡುವುದಿಲ್ಲ. ಜನರನ್ನು ಸುತ್ತಿ ಹೋಗುತ್ತೀರಿ, ನೀರಿನ ಮೇಜಿಗೆ ಪಕ್ಕಕ್ಕೆ ಸರಿಯುತ್ತೀರಿ, ತಿರುವನ್ನು ಹೊರಗಿಂದ ಹಿಡಿಯುತ್ತೀರಿ. ಜೊತೆಗೆ ಜಿಪಿಎಸ್ ಗೆರೆ ಅಂಕುಡೊಂಕಾದಷ್ಟೂ ದೂರ ಹೆಚ್ಚು ಬರುತ್ತದೆ.

ಇದರ ಪರಿಣಾಮ ನೇರ ನಿಮ್ಮ ಗುರಿಯ ಮೇಲೆ. ಐದು ಗಂಟೆ ಅಂದರೆ 300 ನಿಮಿಷ, 42.195ರಿಂದ ಭಾಗಿಸಿದರೆ ಕಿಮೀಗೆ 7:06. ವಾಚ್ ಕೊನೆಗೆ 42.7 ತೋರಿಸುವುದಾದರೆ 300 ಭಾಗಿಸು 42.7, ಅಂದರೆ 7:01. ವಾಚಲ್ಲಿ 7:06 ನೋಡಿಕೊಂಡೇ ಓಡಿದರೆ ಮೂರು ನಿಮಿಷಕ್ಕಿಂತ ಹೆಚ್ಚು ತಡವಾಗಿ ಮುಟ್ಟುತ್ತೀರಿ. ಉಪಾಯ: ರೇಸಿನ ದಿನ ಆಟೋ ಲ್ಯಾಪ್ ಆರಿಸಿ, ರಸ್ತೆ ಬದಿಯ ಕಿಮೀ ಫಲಕ ದಾಟುವಾಗ ಕೈಯಾರೆ ಲ್ಯಾಪ್ ಒತ್ತಿ. ಪರದೆಯಲ್ಲಿ ಒಟ್ಟು ಸಮಯ ಮತ್ತು ಲ್ಯಾಪ್ ಸಮಯ ಎರಡೇ ಸಾಕು. ಕೋಚ್ ಸರ್ ಗುಂಡಿಗೆ ಇಷ್ಟು ಒತ್ತು ಕೊಟ್ಟಿದ್ದು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಹೊಸ_ಹೆಜ್ಜೆ (ದಾವಣಗೆರೆ)

ನಮ್ಮ ಊರಲ್ಲಿ ಸಿಂಥೆಟಿಕ್ ಟ್ರ್ಯಾಕಲ್ಲಿ ಓಡ್ತೀವಿ. ವಾಚ್ ಪ್ರತಿ ಸುತ್ತಿಗೂ ಬೇರೆ ಬೇರೆ ದೂರ ತೋರಿಸುತ್ತೆ. ಏನು ಮಾಡೋದು ಸರ್?

ಟ್ರ್ಯಾಕ್_ಕೋಚ್ (ಮೈಸೂರು)

ಮಾಮೂಲಿ ರನ್ ಮೋಡ್ ಬಿಟ್ಟು ಟ್ರ್ಯಾಕ್ ರನ್ ಮೋಡ್ ಹಾಕಿ. ಫೋರ್‌ರನ್ನರ್ 55, ಪೇಸ್ 3 ಎರಡರಲ್ಲೂ ಇದೆ. ಯಾವ ಲೇನ್ ಅಂತ ಮೊದಲು ಹೇಳಬೇಕು, ಆಮೇಲೆ ಮೊದಲ ಎರಡು ಸುತ್ತು ಲೇನ್ ಬದಲಿಸದೆ ಓಡಬೇಕು. ವಾಚ್ ಟ್ರ್ಯಾಕಿನ ಆಕಾರ ಹಿಡಿದು ಸುತ್ತನ್ನು 400ಕ್ಕೆ ಕೂರಿಸುತ್ತದೆ. ಲೇನ್ ತಪ್ಪಾಗಿ ಕೊಟ್ಟರೆ ಎಲ್ಲ ತಪ್ಪು: 400 ಮೀಟರ್ ಇರುವುದು ಒಂದನೇ ಲೇನಲ್ಲಿ ಮಾತ್ರ, ಲೇನ್ ಅಗಲ 1.22 ಮೀಟರ್ ಇರುವುದರಿಂದ ಹೊರಗೆ ಹೋದಂತೆ ಪ್ರತಿ ಲೇನಿಗೂ ಸುಮಾರು 7.67 ಮೀಟರ್ ಹೆಚ್ಚು. ನಾಲ್ಕನೇ ಲೇನಲ್ಲಿ ಒಂದು ಸುತ್ತು ಸುಮಾರು 423. ಮಣ್ಣಿನ ಮೈದಾನದ ಸುತ್ತಿಗೆ ಈ ಮೋಡ್ ಹಾಕಬೇಡಿ, ಅದು 400 ಇರುವುದು ಅಪರೂಪ.

ಕಡಲತೀರ_ಓಟ (ಮಂಗಳೂರು)

ಬಜೆಟ್ ಕಡಿಮೆ ಇರುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಎರಡು ಮೂರು ಸಾವಿರದ ವಾಚುಗಳ ಪೆಟ್ಟಿಗೆ ಮೇಲೆ 'ಜಿಪಿಎಸ್' ಅಂತ ಇರುತ್ತದೆ, ಸಣ್ಣ ಅಕ್ಷರದಲ್ಲಿ 'ಕನೆಕ್ಟೆಡ್' ಅಥವಾ 'ಅಸಿಸ್ಟೆಡ್'. ವಾಚಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ, ಫೋನಿನದ್ದನ್ನು ಎರವಲು ಪಡೆಯುತ್ತದೆ. ಫೋನ್ ಇಲ್ಲದಿದ್ದರೆ ಹೆಜ್ಜೆ ಎಣಿಸಿ ಅಂದಾಜು ದೂರ ಹೇಳುತ್ತದೆ. 'ಬಿಲ್ಟ್ ಇನ್ ಜಿಪಿಎಸ್' ಅಂತ ಸ್ಪಷ್ಟವಾಗಿ ಇರಬೇಕು. ವಾಪಸ್ ಮಾಡುವ ಗಡುವಿನೊಳಗೆ ಪರೀಕ್ಷೆ: ಫೋನಿನ ಬ್ಲೂಟೂತ್ ಆರಿಸಿ, ಫೋನ್ ಮನೆಯಲ್ಲಿಟ್ಟು ಒಂದು ಕಿಮೀ ಸುತ್ತಿ ಬನ್ನಿ. ಸಿಂಕ್ ಆದ ಮೇಲೆ ನಕ್ಷೆಯಲ್ಲಿ ಗೆರೆ ಇಲ್ಲದಿದ್ದರೆ ಚಿಪ್ ಇಲ್ಲ.

ಕರಾವಳಿಯ ಸೆಖೆಗೆ ಇನ್ನೂ ಒಂದಿಷ್ಟು. ಬೆವರಿನ ಉಪ್ಪು ಚಾರ್ಜಿಂಗ್ ಪಿನ್ನುಗಳ ಮೇಲೆ ಉಳಿದಾಗ ಒದ್ದೆ ಇರುವಾಗಲೇ ಚಾರ್ಜಿಗೆ ಹಾಕಿದರೆ ಪಿನ್ ಕಿಲುಬು ಹಿಡಿದು ಹಸಿರುಗಟ್ಟುತ್ತದೆ. ಓಟ ಮುಗಿದ ಕೂಡಲೇ ಸಿಹಿನೀರಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಚಾರ್ಜ್. 165ರಂಥ ಬ್ಯಾರೋಮೀಟರ್ (ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರ್) ಇರುವ ವಾಚಲ್ಲಿ ಪಕ್ಕಕ್ಕೋ ಹಿಂದಕ್ಕೋ ಸಣ್ಣ ತೂತುಗಳಿವೆ. ಉಪ್ಪು, ಸೋಪಿನ ಜಿಡ್ಡು ಅಲ್ಲಿ ಕಟ್ಟಿದರೆ ಸಮತಟ್ಟು ರಸ್ತೆಯಲ್ಲೂ ನೂರಾರು ಮೀಟರ್ ಏರು ತೋರಿಸುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ, ಪಿನ್ನು ಸೂಜಿ ಚುಚ್ಚಬೇಡಿ. ಸಿಲಿಕಾನ್ ಪಟ್ಟಿಯ ಕೆಳಗೆ ಕೆಂಪು ಗುಳ್ಳೆ ಬರುವವರು ನೈಲಾನ್ ಪಟ್ಟಿಗೆ ಬದಲಾಯಿಸಿ, ಓಟದ ನಂತರ ಸಡಿಲ ಮಾಡಿ.

ಮುಂಜಾವಿನ_ಓಟ (ಬೆಂಗಳೂರು)

ನನಗೆ ಎರಡು ಉಳಿದಿವೆ: ಫೋರ್‌ರನ್ನರ್ 165, ಪೇಸ್ 3. ಇವುಗಳಲ್ಲಿ ಯಾವುದು? ಮತ್ತೆ ವಿಒ2 ಮ್ಯಾಕ್ಸ್, ರೇಸ್ ಪ್ರಿಡಿಕ್ಟರ್ ಅಂತೆಲ್ಲ ಬರುತ್ತದಲ್ಲ, ಅದನ್ನು ನೋಡಿ ಟ್ರೈನಿಂಗ್ ಮಾಡಬಹುದಾ?

ಟ್ರ್ಯಾಕ್_ಕೋಚ್ (ಮೈಸೂರು)

ರಿಂಗ್ ರೋಡಿನ ಗಾಜಿನ ಕಟ್ಟಡಗಳ ನಡುವೆ ಓಡುವುದೇ ಹೆಚ್ಚಾದರೆ ಪೇಸ್ 3: ಎಲ್5 ಇದೆ, ನೈಲಾನ್ ಪಟ್ಟಿ ಸೇರಿ 30 ಗ್ರಾಂ, ಬ್ಯಾಟರಿ ಉದ್ದ. ಆದರೆ ಗುಂಡಿ ಒಂದು, ತಿರುಗಿಸುವ ಡಯಲ್ ಒಂದು, ಅಷ್ಟೇ. 165ಕ್ಕೆ ಐದು ಗುಂಡಿ, ಅಮೋಲೆಡ್ ಪರದೆ, 39 ಗ್ರಾಂ, ಹೊಸಬರಿಗೆ ಅರ್ಥವಾಗುವ ಆ್ಯಪ್. ಕಬ್ಬನ್ ಪಾರ್ಕಿನ ಮರದಡಿ ಎಲ್ಲ ಉಪಗ್ರಹ ಜಾಲಗಳ ಮೋಡ್ ಹಾಕಿದರೆ 165 ಕೆಲಸಕ್ಕೆ ಸಾಕಾಗುತ್ತದೆ. ನಿಮ್ಮ ವಾರದಲ್ಲಿ ಇಂಟರ್ವಲ್ ಇದೆ, ಫುಲ್ ಗುರಿ ಇದೆ. ನನ್ನ ಮತ 165 ಮತ್ತು ಬ್ಲೂಟೂತ್ ಎದೆಪಟ್ಟಿ. ಹಾಡು ವಾಚಲ್ಲೇ ಬೇಕಾದರೆ ಮಾತ್ರ ಮ್ಯೂಸಿಕ್ ಮಾದರಿ. ಬಿಲ್ ಭಾರತದ್ದೇ ಇರಲಿ. ಹೊರದೇಶದಿಂದ ತಂದು ಮಾರುವವರ ಬಳಿ ಕೊಂಡರೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು.

ವಿಒ2 ಮ್ಯಾಕ್ಸ್ (ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯದ ಅಂದಾಜು) ಬರುವುದು ಪೇಸ್ ಮತ್ತು ಹಾರ್ಟ್ ರೇಟ್ ಹೋಲಿಸಿ. ವಾಚಿಗೆ ನಿಮ್ಮ ಗರಿಷ್ಠ ಬಡಿತ ಗೊತ್ತಿಲ್ಲದಿದ್ದರೆ 220ರಿಂದ ವಯಸ್ಸು ಕಳೆದು ಹಾಕಿಕೊಳ್ಳುತ್ತದೆ. ನಿಜವಾದದ್ದು ಅದಕ್ಕಿಂತ ಹತ್ತು ಹನ್ನೆರಡು ಆಚೀಚೆ ಇರುವುದು ಸಾಮಾನ್ಯ, ಝೋನ್ ಎಲ್ಲ ಆ ತಪ್ಪಿನ ಮೇಲೆ ನಿಲ್ಲುತ್ತವೆ. ಪಟ್ಟಿ ಕಟ್ಟಿ, ಚೆನ್ನಾಗಿ ವಾರ್ಮಪ್ ಮಾಡಿ, 30 ನಿಮಿಷ ಒಂದೇ ಸಮ ನಿಮಗಾಗುವಷ್ಟು ಗಟ್ಟಿಯಾಗಿ ಓಡಿ. ಕೊನೆಯ 20 ನಿಮಿಷದ ಸರಾಸರಿಯನ್ನು ಲ್ಯಾಕ್ಟೇಟ್ ಥ್ರೆಶೋಲ್ಡ್ (ದೀರ್ಘ ಹೊತ್ತು ತಾಳಬಲ್ಲ ಗಟ್ಟಿ ಓಟದ ಗಡಿ) ಬಡಿತ ಅಂತ ಸೆಟ್ಟಿಂಗಿನಲ್ಲಿ ಹಾಕಿ, ಝೋನ್ ಅದರ ಮೇಲೆ ಕಟ್ಟಿ. ಹೃದಯದ ತೊಂದರೆ, ಬಿಪಿ ಇರುವವರು ವೈದ್ಯರನ್ನು ಕೇಳದೆ ಈ ಪರೀಕ್ಷೆ ಮಾಡಬಾರದು. ಏಪ್ರಿಲ್ ಬಿಸಿಲಲ್ಲಿ ವಿಒ2 ಇಳಿದರೆ ಗಾಬರಿ ಬೇಡ, ಸೆಖೆಗೆ ಅದೇ ಪೇಸಿಗೆ ಬಡಿತ ಹೆಚ್ಚುತ್ತದೆ. ರೇಸ್ ಪ್ರಿಡಿಕ್ಟರ್ ಫುಲ್‌ಗೆ ಹೇಳುವ ಸಮಯವನ್ನು 30 ಕಿಮೀ ಲಾಂಗ್ ರನ್ ಮಾಡದವರು ನಂಬಬೇಡಿ. ಅದು ನಿಮ್ಮ ಕಾಲಿನ ತಾಳಿಕೆಯನ್ನು ಅಳೆದಿರುವುದಿಲ್ಲ.

ಕೋರಮಂಗಲ_ರನ್ನರ್ (ಬೆಂಗಳೂರು)

165 ತಗೊಂಡರೆ ಜೋಡಿಸುವಾಗ ಫೋನಿನ ಬ್ಲೂಟೂತ್ ಪಟ್ಟಿಯಿಂದ ಅಲ್ಲ, ಗಾರ್ಮಿನ್ ಕನೆಕ್ಟ್ ಆ್ಯಪ್ ಒಳಗಿಂದಲೇ ಜೋಡಿಸಿ. ಕೆಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಆ್ಯಪನ್ನು ಮುಚ್ಚಿಬಿಡುತ್ತವೆ, ಸಿಂಕ್ ನಿಲ್ಲುತ್ತದೆ, ಶಾಸ್ತ್ರಿಗಳು ಹೇಳಿದ ಉಪಗ್ರಹದ ಮಾಹಿತಿಯೂ ಇಳಿಯುವುದಿಲ್ಲ. ಸೆಟ್ಟಿಂಗ್ಸ್ → ಆ್ಯಪ್ಸ್ → ಕನೆಕ್ಟ್ → ಬ್ಯಾಟರಿ → ಅನ್‌ರಿಸ್ಟ್ರಿಕ್ಟೆಡ್ ಮಾಡಿ.

ಹೊಸ_ಹೆಜ್ಜೆ (ದಾವಣಗೆರೆ)

ಸೆಕೆಂಡ್ ಹ್ಯಾಂಡ್ ಫೋರ್‌ರನ್ನರ್ ಸಿಗ್ತಾ ಇದೆ. ಏನೇನು ನೋಡಬೇಕು?

ಧಾರವಾಡ_ಮಂದಿ (ಧಾರವಾಡ)

ಮೊದಲ ಐದೂ ಗುಂಡಿ ಒತ್ತಿ ನೋಡ್ರಿ, ಎಲ್ಲಾ ಒಂದ ಥರ ಟಕ್ ಅನ್ನಬೇಕು. ಒಂದು ಮೆತ್ತಗ ಹೋತಂದ್ರ ಒಳಗ ಬೆವರು ಇಳದೈತಿ ಅಂತ ತಿಳೀರಿ. ಹಿಂದಿನ ಸೆನ್ಸರ್ ಗಾಜಿಗೆ ಬಿರುಕು ಇರಬಾರದು. ಚಾರ್ಜಿಂಗ್ ಪಿನ್ ಹಳದಿ ಇರಬೇಕು, ಹಸಿರು, ಕಪ್ಪು ಆಗಿದ್ರ ಬ್ಯಾಡ್ರಿ. ಪೂರಾ ಚಾರ್ಜ್ ಮಾಡಿ ಬಯಲಾಗ ಒಂದು ತಾಸು ಜಿಪಿಎಸ್ ಹಚ್ಚಿ ಬಿಡ್ರಿ: 20 ತಾಸಿನ ವಾಚು ತಾಸಿಗೆ ಶೇಕಡ 5ರ ಆಸುಪಾಸು ಇಳೀಬೇಕು, 10 ಇಳದ್ರ ಬ್ಯಾಟರಿ ಅರ್ಧ ಹೋಗೈತಿ. ಮಾರಾಂವ ನಿಮ್ಮ ಮುಂದನ ತನ್ನ ಕನೆಕ್ಟ್ ಖಾತೆಯಿಂದ ವಾಚ್ ತೆಗೀಬೇಕು, ಫ್ಯಾಕ್ಟರಿ ರಿಸೆಟ್ ಮಾಡಬೇಕು, ನಿಮ್ಮ ಫೋನಿಗೆ ಜೋಡಿ ಆದ ಮ್ಯಾಲ ರೊಕ್ಕ ಕೊಡ್ರಿ. ಆ್ಯಪಲ್ ವಾಚ್ ಆದ್ರ ಆ್ಯಕ್ಟಿವೇಶನ್ ಲಾಕ್ ತೆಗದೈತೋ ಇಲ್ಲೋ ನೋಡದ ಕೈ ಹಚ್ಚಬ್ಯಾಡ್ರಿ, ಹಿಂದಿನವ್ರ ಪಾಸ್‌ವರ್ಡ್ ಇಲ್ಲದ ಅದು ಏನೂ ಕೆಲಸಕ್ಕ ಬರೂದಿಲ್ಲ.